ನಿಯತ್ತು ಒಬ್ಬರಿಗೇ ಏಕೆ?

ಸಂಘದ ಕಾರ್ಯದರ್ಶಿಗಳು ಮೂರು ಸಲ ಕೇಳಿದರು, ಕಥೆಯೋ ಕವಿತೆಯೋ ಏನಾದರೂ ಕೊಡು ಅಂತ. ನನಗೆ ಕಥೆ ಕಟ್ಟಲು ಬರುವುದಿಲ್ಲ. ಕವಿತೆ ಓದುವುದಕ್ಕೇ ಹೆದರಿಕೆ. ಬಿ.ಕಾಂ. ವಿದ್ಯಾರ್ಥಿ ನಾನು, ಜಮೆ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದು ಕೆಳಗೆ ಎರಡು ಗೆರೆ ಎಳೆಯುವುದಷ್ಟೇ ಗೊತ್ತು. ಆದರೆ ಒಂದು ಲೆಕ್ಕ ಮಾತ್ರ ಎಷ್ಟು ಕೂಡಿಸಿದರೂ ತಾಳೆಯಾಗದೆ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನೇ ಬರೆಯುತ್ತೇನೆ. ಇದು ಸಾಹಿತ್ಯ ಹೌದೋ ಅಲ್ಲವೋ ಸಂಪಾದಕರು ನೋಡಿಕೊಳ್ಳಲಿ.

ವಾಣಿಜ್ಯ ಓದುವ ಮಿತ್ರರಿಗೆಲ್ಲ ವಿಮೆಯ ಪಾಠ ಗೊತ್ತಿದೆ. ಅದರ ಮೊದಲ ತತ್ವ ‘ಉಬೆರಿಮಾ ಫೈಡೀಸ್’ ಎಂಬ ಲ್ಯಾಟಿನ್ ಮಾತು. ಪರಮ ಸದ್ಭಾವನೆ ಎಂದು ಅನುವಾದ ಮಾಡಬಹುದು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೂ ಸರಳವಾದ ಶಬ್ದವಿದೆ: ನಿಯತ್ತು. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರುವ ಪ್ರಶ್ನೆ ಇದು. ವಿಮೆ ಮಾಡಿಸುವವನು ತನಗೆ ಗೊತ್ತಿರುವ ಮುಖ್ಯ ಸಂಗತಿ ಯಾವುದನ್ನೂ ಮುಚ್ಚಿಡಬಾರದು, ಮುಚ್ಚಿಟ್ಟರೆ ಕರಾರು ರದ್ದಾಗಬಹುದು, ಇಷ್ಟು ಬರೆದರೆ ಐದಕ್ಕೆ ನಾಲ್ಕು ಖಂಡಿತ. ನಾನೂ ಬರೆದಿದ್ದೇನೆ. ಬರೆಯುವಾಗ ಪೆನ್ನು ಮುಂದೆ ಹೋಗಲಿಲ್ಲ. ಯಾಕೆಂದರೆ ಅದೇ ಮಾತನ್ನು ಆ ಹೊತ್ತಿಗೆ ನಾನು ಬೇರೊಂದು ಕಾಗದದಲ್ಲಿ ಓದಿಯಾಗಿತ್ತು. ವಿಮಾ ಕಂಪನಿಯೊಂದು ನನ್ನ ಅಮ್ಮನಿಗೆ ಕಳಿಸಿದ ಪತ್ರ ಅದು. ಕಂಪನಿಯ ಹೆಸರು ಬೇಡ. ಒಂದು ಕಂಪನಿಯ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಈ ಪುಟಗಳನ್ನು ಕೇಳಲಿಲ್ಲ.

ಅಪ್ಪ ಕುಂದಾಪುರ ತಾಲ್ಲೂಕಿನವರು. ಹದಿಮೂರಕ್ಕೇ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಏಳನೆಯವರೆಗೆ ಓದಿದವರು. ಕಡೆಗಾಲಕ್ಕೆ ಗಲ್ಲೆಯ ಮೇಲೆ ಕೂರುವಷ್ಟು ಮೇಲೆ ಬಂದಿದ್ದರು. 2021ರ ಆಗಸ್ಟಿನಲ್ಲಿ ಐದು ಲಕ್ಷ ರೂಪಾಯಿಯ ಜೀವವಿಮೆ ಮಾಡಿಸಿದರು. ವರ್ಷಕ್ಕೆ 26,000 ಕಂತು. ಎರಡು ಕಂತು ಕಟ್ಟಿದರು. 2022ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಐದು ಗಂಟೆಗೆ, ಹೋಟೆಲು ತೆರೆಯಲೆಂದು ಡೊಂಬಿವಲಿ ಸ್ಟೇಷನ್ನಿಗೆ ನಡೆದು ಹೋಗುವಾಗ ಟೆಂಪೊ ಹೊಡೆಯಿತು. ಟೆಂಪೊದವನು ನಿಲ್ಲಿಸಲಿಲ್ಲ, ಆಮೇಲೆ ಸಿಗಲೂ ಇಲ್ಲ. ಅಪ್ಪನಿಗೆ ನಲವತ್ತೊಂಬತ್ತು.

ಕ್ಲೇಮಿನ ಕಾಗದ ಹಾಕಿದೆವು. ಎರಡು ತಿಂಗಳು ಬಿಟ್ಟು ಕಂಪನಿಯ ಕಡೆಯಿಂದ ತನಿಖೆಗೆ ಒಬ್ಬರು ಬಂದರು. ಬಹಳ ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಅಪ್ಪನ ಫೋಟೊಗೆ ಕೈ ಮುಗಿದು, ಚಹ ಕುಡಿದು ಹಿಂದಿಯಲ್ಲಿ ಮಾತಾಡಿದರು. ಭಾಯಿಸಾಹೇಬರಿಗೆ ಶುಗರ್ ಏನಾದರೂ ಇತ್ತೇ ಎಂದು ಕೇಳಿದರು. ಅಮ್ಮ ಇದ್ದದ್ದು ಇದ್ದಹಾಗೆ ಹೇಳಿದರು: ಯಾವಾಗಲೋ ಒಂದು ಉಚಿತ ತಪಾಸಣೆಯ ಕ್ಯಾಂಪಿನಲ್ಲಿ ಸ್ವಲ್ಪ ಇದೆ ಅಂದಿದ್ದರು, ಒಂದು ತಿಂಗಳ ಮಾತ್ರೆ ಕೊಟ್ಟಿದ್ದರು. ಅವರು ಇಂಗ್ಲಿಷಿನಲ್ಲಿ ಒಂದು ಪುಟ ಬರೆದರು. ಅಮ್ಮ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು. ನಾನು ಕಾಲೇಜಿನಿಂದ ಬಂದು “ಎಂತ ಬರ್ದಿದ್ ಅದ್ರಗೆ?” ಎಂದು ಕೇಳಿದರೆ, “ನಂಗ್ ಗೊತ್ತಿಲ್ಲೆ ಮಗಾ, ಸೈನ್ ಹಾಕಿ ಅಂದ್ರ್, ಹಾಕ್ದೆ” ಎಂದರು. ಅದರಲ್ಲಿದ್ದದ್ದು ಏನೆಂದು ಎಷ್ಟೋ ತಿಂಗಳ ನಂತರ ಗೊತ್ತಾಯ್ತು. ‘ನನ್ನ ಗಂಡನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು ಸತತವಾಗಿ ಚಿಕಿತ್ಸೆ ಪಡೆಯುತ್ತಿದ್ದರು.’

2023ರ ಜೂನ್‌ನಲ್ಲಿ ಪತ್ರ ಬಂತು. ಮೃತರು ಕಾಯಿಲೆಯನ್ನು ಉದ್ದೇಶಪೂರ್ವಕವಾಗಿ, ಮೋಸ ಮಾಡುವ ಸಲುವಾಗಿ ಮುಚ್ಚಿಟ್ಟಿದ್ದಾರೆ; ಆದುದರಿಂದ ಕ್ಲೇಮು ಇಲ್ಲ, ಕಟ್ಟಿದ ಕಂತೂ ಇಲ್ಲ. ಮೋಸ ಎಂಬ ಶಬ್ದ ಅಲ್ಲಿಗೆ ಸುಮ್ಮನೆ ಬಂದು ಕೂತದ್ದಲ್ಲ. 1938ರ ವಿಮಾ ಕಾಯಿದೆಯ 45ನೆಯ ಕಲಮಿಗೆ 2015ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಮೂರು ವರ್ಷದ ಒಳಗಾದರೆ ಪ್ರಶ್ನಿಸಬಹುದು. ಆದರೆ ಬರೀ ತಪ್ಪು ಮಾಹಿತಿ ಎಂದರೆ ಕಟ್ಟಿದ ಕಂತನ್ನು 90 ದಿನದೊಳಗೆ ಹಿಂದಿರುಗಿಸಬೇಕು. ಮೋಸ ಎಂದು ಬರೆದರೆ ಆ 52,000ವೂ ಅವರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಒಂದು ವಿಶೇಷಣಕ್ಕೆ 52,000 ರೂಪಾಯಿ! ನಮ್ಮ ಕವಿಗಳಿಗೂ ಇಷ್ಟು ಸಂಭಾವನೆ ಸಿಗಲಿಕ್ಕಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಪಾಲಿಸಿ ಮಾಡಿಸಿದ ದಿನ ನಾನು ಮನೆಯಲ್ಲೇ ಇದ್ದೆ, ನೆಲದ ಮೇಲೆ ಕೂತು ಮೊಬೈಲು ನೋಡುತ್ತಿದ್ದೆ. ಏಜೆಂಟರು ನಮ್ಮ ಊರ ಕಡೆಯವರೇ, ದಿನಾ ಅಪ್ಪನ ಹೋಟೆಲಿಗೆ ಬರುವವರು. ಕ್ಯಾಂಪಿನಲ್ಲಿ ಶುಗರ್ ಉಂಟು ಅಂದಿದ್ದರು ಎಂದು ಅಪ್ಪ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. “ಅದೆಲ್ಲ ಬರ್ದ್ರೆ ಮೆಡಿಕಲ್ಲಿಗೆ ಕಳಿಸ್ತ್ರ್, ನಿಮ್ಗೆ ಎರಡ್ ದಿನದ ಡ್ಯೂಟಿ ಹೋತ್. ಬೇಡ ಬಿಡಿ,” ಎಂದು ಏಜೆಂಟರು ‘ಇಲ್ಲ’ ಎಂಬ ಕಡೆಗೆ ಸಾಲಾಗಿ ಗುರುತು ಹಾಕುತ್ತಾ ಹೋದರು. ಅಪ್ಪ ಸುಮ್ಮನಾದರು. ಸುಮ್ಮನಾದದ್ದು ತಪ್ಪಲ್ಲವೇ ಎಂದರೆ ತಪ್ಪೇ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಹನ್ನೊಂದನೆಯ ತರಗತಿಯ ಇಂಗ್ಲಿಷು ನನಗಾಗ ಕಬ್ಬಿಣದ ಕಡಲೆ. ಆದರೂ ‘ಡಯಾಬಿಟಿಸ್’ ಎಂಬ ಶಬ್ದ ಓದಲು ಬಾರದಷ್ಟೇನೂ ದಡ್ಡನಾಗಿರಲಿಲ್ಲ. ಎದ್ದು ನೋಡಲಿಲ್ಲ.

ತಪ್ಪಿಗೂ ಮೋಸಕ್ಕೂ ವ್ಯತ್ಯಾಸವಿದೆ. ಹೋಟೆಲಿನಲ್ಲಿ ಬಿಲ್ಲು ಕೂಡಿಸುವಾಗ ಹತ್ತು ರೂಪಾಯಿ ಹೆಚ್ಚು ಬಿದ್ದರೆ ಅದು ತಪ್ಪು. ಕುಡಿಯದ ಕಾಫಿಯನ್ನು ಬಿಲ್ಲಿಗೆ ಸೇರಿಸಿದರೆ ಅದು ಮೋಸ. ಈ ವ್ಯತ್ಯಾಸ ಕಾಯಿದೆಗೂ ಗೊತ್ತು. ಇನ್ನೂ ಒಂದು ಸಂಗತಿ ಅದೇ 45ನೆಯ ಕಲಮಿನಲ್ಲಿದೆ. ಬೇಡಿಕೆಯಿಟ್ಟು ಮಾತುಕತೆ ನಡೆಸಿ ಪಾಲಿಸಿ ಮಾಡಿಸಿದವನನ್ನು, ಆ ಕರಾರಿನ ಮಟ್ಟಿಗೆ, ಕಂಪನಿಯ ಪ್ರತಿನಿಧಿ ಎಂದೇ ತಿಳಿಯಬೇಕು. ಅಂದರೆ ಏಜೆಂಟರ ಕಿವಿಗೆ ಬಿದ್ದದ್ದು ಕಂಪನಿಯ ಕಿವಿಗೆ ಬಿದ್ದಂತೆಯೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಮರುದಿನ ಅದೇ ಕಲಮಿನ ಇನ್ನೊಂದು ಸಾಲು ಓದಿದೆ. ಮೋಸದ ಆಪಾದನೆ ಬಂದು, ಪಾಲಿಸಿದಾರ ಬದುಕಿಲ್ಲದಿದ್ದರೆ, ಮೋಸ ಅಲ್ಲವೆಂದು ರುಜುವಾತು ಮಾಡುವ ಹೊಣೆ ಹಣ ಪಡೆಯಬೇಕಾದವರದು! ಸತ್ತವನು ಎದ್ದು ಬಂದು ಸಾಕ್ಷಿ ಹೇಳಲಾರ. ಅವನ ಮನಸ್ಸಿನಲ್ಲಿ ಏನಿತ್ತೆಂದು ಅವನ ಹೆಂಡತಿ ರುಜುವಾತು ಮಾಡಬೇಕು. ಏಜೆಂಟರೋ, ಆ ಹೊತ್ತಿಗೆ ನಮ್ಮ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಹೋಟೆಲು ಬದಲಾಯಿಸಿದ್ದರೆಂದೂ ಕೇಳಿದೆ.

ಹೀಗಿರುವಾಗ ನಿಯತ್ತಿನ ಈ ತತ್ವ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದೆ. ಪಠ್ಯಪುಸ್ತಕಗಳು 1766ರ ‘ಕಾರ್ಟರ್ ಮತ್ತು ಬೋಹಮ್’ ಮೊಕದ್ದಮೆಯ ಹೆಸರು ಹೇಳಿ ಮುಂದೆ ಓಡುತ್ತವೆ. ಕಥೆ ಹೇಳುವುದಿಲ್ಲ. ಕಥೆ ಹೀಗಿದೆ. ಸುಮಾತ್ರಾ ದ್ವೀಪದಲ್ಲಿ ಇಂಗ್ಲಿಷರ ಒಂದು ಕೋಟೆ. ಯುದ್ಧಕಾಲ. ವೈರಿಗಳು ಕೋಟೆ ಹಿಡಿದರೆ ನಷ್ಟ ತುಂಬಿಕೊಡಬೇಕೆಂದು ಅಲ್ಲಿನ ಗವರ್ನರನ ಪರವಾಗಿ ಲಂಡನ್ನಿನಲ್ಲಿ ವಿಮೆ ಮಾಡಿಸಿದರು. 1760ರಲ್ಲಿ ಫ್ರೆಂಚರು ಕೋಟೆ ಹಿಡಿದೇಬಿಟ್ಟರು. ವಿಮೆಯವನು ತಕರಾರು ತೆಗೆದ: ಕೋಟೆ ದುರ್ಬಲವೆಂದೂ ಫ್ರೆಂಚರು ಬರಬಹುದೆಂದೂ ನನಗೆ ಹೇಳಲಿಲ್ಲ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಗೆಲ್ಲಿಸಿದ್ದು ಯಾರನ್ನು? ಗವರ್ನರನನ್ನು! ಲಂಡನ್ನಿನಲ್ಲಿ ಕೂತ ವಿಮೆಯವನಿಗೆ ಯುದ್ಧದ ಸ್ಥಿತಿ ಗೊತ್ತಿತ್ತು, ಬೇಕಾದರೆ ಕೇಳಬಹುದಿತ್ತು. ಕಂತು ತೆಗೆದುಕೊಳ್ಳುವಾಗ ಕೇಳದೆ, ಹಣ ಕೊಡುವಾಗ ಕೇಳಿದರೆ ಆಗದು ಎಂಬುದು ಅದರ ತಾತ್ಪರ್ಯ. ಅಷ್ಟೇ ಅಲ್ಲ, ಈ ನಿಯತ್ತು ಇಬ್ಬರಿಗೂ ಸೇರಿದ್ದೆಂದೂ ಆತ ಸ್ಪಷ್ಟವಾಗಿ ಹೇಳಿದ. ಹಡಗು ಆಗಲೇ ಕ್ಷೇಮವಾಗಿ ದಡ ಸೇರಿದ್ದು ಗೊತ್ತಿದ್ದೂ ಅದೇ ಪ್ರಯಾಣಕ್ಕೆ ಕಂತು ವಸೂಲಿ ಮಾಡಿದ ವಿಮೆಯವನು ಹಣ ಹಿಂದಿರುಗಿಸಬೇಕೆಂದು ಉದಾಹರಣೆಯನ್ನೂ ಕೊಟ್ಟ. ವಿಮೆಯವನು ಸೋತ ಮೊಕದ್ದಮೆಯಿಂದ ಹುಟ್ಟಿದ ತತ್ವವನ್ನು ಗಿರಾಕಿಯ ಕೊರಳಿಗೆ ಮಾತ್ರ ಕಟ್ಟಿ ಎರಡೂವರೆ ಶತಮಾನ ದಾಟಿದೆ. ನಾವು ಅದನ್ನೇ ಬಾಯಿಪಾಠ ಮಾಡಿ ಐದಕ್ಕೆ ನಾಲ್ಕು ತೆಗೆಯುತ್ತಿದ್ದೇವೆ.

ನಮ್ಮ ಸುಪ್ರೀಂ ಕೋರ್ಟು ಇದನ್ನು ಮರೆತಿಲ್ಲ ಎನ್ನುವುದು ಸಮಾಧಾನ. 2021ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಒಂದು ತೀರ್ಪು ಕೊಟ್ಟಿತು. ಅಮೆರಿಕಕ್ಕೆ ಹೊರಟವರೊಬ್ಬರು ಪ್ರವಾಸದ ವಿಮೆ ಮಾಡಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೇ ಹೃದಯಾಘಾತವಾಯಿತು. ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ತಿಳಿಸಿದ್ದರೂ ಕಂಪನಿ ಹಣ ಕೊಡಲಿಲ್ಲ. ಸದ್ಭಾವನೆಯ ಹೊಣೆ ಎರಡೂ ಕಡೆಗಿದೆ, ಸ್ಥಿತಿ ತಿಳಿದು ಪಾಲಿಸಿ ಕೊಟ್ಟ ಮೇಲೆ ಅದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದಿತು ಕೋರ್ಟು. ಸಾವಿಗೂ ಹೇಳದೆ ಬಿಟ್ಟ ಕಾಯಿಲೆಗೂ ಸಂಬಂಧವಿಲ್ಲದಿದ್ದರೆ ಕ್ಲೇಮು ತಳ್ಳಿಹಾಕುವುದು ಸರಿಯಲ್ಲ ಎಂದು 2015ರಲ್ಲೇ ಇನ್ನೊಂದು ಮೊಕದ್ದಮೆಯಲ್ಲಿ ಹೇಳಿತ್ತು. ಬೆನ್ನುಮೂಳೆಯ ತೊಂದರೆ ತಿಳಿಸದವರು ಹೃದಯದ ಕಾಯಿಲೆಯಿಂದ ತೀರಿಕೊಂಡ ಪ್ರಕರಣ ಅದು. ನಮ್ಮಲ್ಲಂತೂ ಟೆಂಪೊಗೂ ಸಕ್ಕರೆಗೂ ಏನು ಸಂಬಂಧ? ಟೆಂಪೊದಲ್ಲಿ ಸಕ್ಕರೆ ಮೂಟೆ ಇತ್ತೋ ಏನೋ, ಅದನ್ನು ನಾವು ನೋಡಿಲ್ಲ.

ಕಂಪನಿಯ ಕಡೆಗೂ ನ್ಯಾಯವಿದೆ ಎಂದು ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಆಸ್ಪತ್ರೆಯ ಹಾಸಿಗೆಯಿಂದಲೇ ಪಾಲಿಸಿ ಮಾಡಿಸುವವರಿದ್ದಾರೆ, ಸುಳ್ಳು ದಾಖಲೆ ತರುವವರಿದ್ದಾರೆ. ಅವರಿಗೆಲ್ಲ ಹಣ ಹಂಚಿದರೆ ಅದು ಹೋಗುವುದು ಪ್ರಾಮಾಣಿಕರು ಕಟ್ಟಿದ ಕಂತಿನಿಂದಲೇ. ಒಪ್ಪಿದೆ. ಇದು ಲೆಕ್ಕಶಾಸ್ತ್ರದ ಪ್ರಕಾರವೂ ಸರಿ. ತನಿಖೆ ಮಾಡಬೇಡಿರೆಂದು ನಾನು ಹೇಳುವುದಿಲ್ಲ. ಆದರೆ ಗೊತ್ತಿದ್ದೂ ಗೊತ್ತಿದ್ದೂ, ಕೊಡಬೇಕಾದದ್ದನ್ನು ಕೊಡದೆ, ವಿಧವೆಯ ಬಾಯಿಂದ ಬಾರದ ಮಾತನ್ನು ಅವಳ ಸಹಿಯ ಮೇಲೆ ಬರೆಯುವುದಕ್ಕೆ ತನಿಖೆ ಎನ್ನುತ್ತಾರೆಯೇ?

ಇದಕ್ಕೆ ಅಮೆರಿಕದ ಕಾನೂನಿನಲ್ಲಿ ಬೇರೆ ಹೆಸರೇ ಇದೆ, ‘ಬ್ಯಾಡ್ ಫೇಯ್ತ್’, ಅಂದರೆ ನಿಯತ್ತುಗೇಡಿತನ. ಲಾಸ್ ಏಂಜಲೀಸಿನಲ್ಲಿ 1969ರಲ್ಲಿ ಒಂದು ಬಾರ್-ರೆಸ್ಟೋರೆಂಟ್ ಸುಟ್ಟುಹೋಯಿತು. ಮಾಲೀಕ ವಿಮೆ ಕೇಳಿದ. ವಿಮೆಯವರ ಕಡೆಯ ಮನುಷ್ಯ ತನಿಖಾಧಿಕಾರಿಯ ಬಳಿ ಹೋಗಿ, ಇವನ ವಿಮೆ ಆಸ್ತಿಯ ಬೆಲೆಗಿಂತ ಹೆಚ್ಚಿದೆ ಎಂದು ಕಿವಿ ಊದಿದ. ಮಾಲೀಕನ ಮೇಲೆಯೇ ಬೆಂಕಿ ಇಟ್ಟ ಆಪಾದನೆ ಬಂತು. ಆಮೇಲೆ ಬಿದ್ದೂ ಹೋಯಿತು. ಹಣ ಮಾತ್ರ ಬರಲಿಲ್ಲ. 1973ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಹೇಳಿತು: ಗಿರಾಕಿಯೊಡನೆ ನಿಯತ್ತಿನಿಂದ ನಡೆಯುವುದು ವಿಮೆಯವರ ಹೊಣೆ, ಅದನ್ನು ಮುರಿದರೆ ಅದೇ ಒಂದು ಪ್ರತ್ಯೇಕ ಸಿವಿಲ್ ತಪ್ಪು, ವಿಮೆಯ ಹಣವಷ್ಟೇ ಅಲ್ಲ, ಅದರಿಂದಾದ ಇತರ ನಷ್ಟಕ್ಕೂ ಮನೋವೇದನೆಗೂ ಪರಿಹಾರ ಕೇಳಬಹುದು. ಅಮೆರಿಕವೆಂದರೆ ಎಲ್ಲ ಸ್ವರ್ಗ ಎಂದಲ್ಲ. ನೌಕರಿಯ ಮೂಲಕ ಬರುವ ವಿಮೆಗಳ ಮಟ್ಟಿಗೆ 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಆ ಬಾಗಿಲನ್ನು ಮುಚ್ಚಿತು. ಆದರೂ ಒಂದು ತಪ್ಪಿಗೆ ಹೆಸರಿರುವುದೇ ದೊಡ್ಡ ಸಂಗತಿ.

ಏಕೆ ದೊಡ್ಡದು? ಲೆಕ್ಕ ಹಾಕೋಣ. ಒಂದು ಕಂಪನಿ ಹತ್ತು ಮಂದಿಗೆ ಸುಮ್ಮಸುಮ್ಮನೆ ‘ಇಲ್ಲ’ ಎಂದು ಬರೆಯಿತು ಎನ್ನಿ. ಎಂಟು ಮಂದಿ ಹಣೆಬರಹವೆಂದು ಸುಮ್ಮನಾದರು. ಇಬ್ಬರು ಹೋರಾಡಿ ಗೆದ್ದರು. ಗೆದ್ದವರಿಗೆ ಕಂಪನಿ ಕೊಡುವುದೇನು? ಮೊದಲೇ ಕೊಡಬೇಕಾಗಿದ್ದ ಹಣ, ತಡವಾದದ್ದಕ್ಕೆ ಬ್ಯಾಂಕ್ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ. ನಮ್ಮ ಕ್ಲೇಮಿನ ಕಾಲಕ್ಕೆ ಅದು ಶೇ. 8.75. ಅಂದರೆ ಐದು ಲಕ್ಷಕ್ಕೆ ವರ್ಷಕ್ಕೆ 43,750. ಅದೇ ಹೊತ್ತಿನಲ್ಲಿ ಅಮ್ಮ ಬಳೆ ಅಡವಿಟ್ಟು ತಂದ ಒಂದೂವರೆ ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ವರ್ಷಕ್ಕೆ 36,000 ಬಡ್ಡಿ ಕಟ್ಟುತ್ತಿದ್ದರು. ಅಕ್ಕ ಕೊನೆಯ ವರ್ಷದಲ್ಲಿ ಕಾಲೇಜು ಬಿಟ್ಟು ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದಳು. ಅದನ್ನು ಯಾವ ಕಾಲಮಿನಲ್ಲಿ ಬರೆಯಬೇಕೋ ನನ್ನ ಪ್ರೊಫೆಸರರಿಗೂ ಗೊತ್ತಿಲ್ಲ. ಕಂಪನಿಗೆ ‘ಇಲ್ಲ’ ಎನ್ನುವುದರಲ್ಲಿ ನಷ್ಟವೇ ಇಲ್ಲ. ಗೆದ್ದರೆ ಲಾಭ, ಸೋತರೆ ಅಸಲು. ಇಂಥ ಜೂಜನ್ನು ಯಾರು ತಾನೇ ಬಿಟ್ಟಾರು?

ಹೋರಾಡಿದ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲು ಕಂಪನಿಗೇ ಮರುಪರಿಶೀಲನೆಗೆ ಬರೆದೆವು. ಅವರು ಅದನ್ನೂ ತಳ್ಳಿ, ಈ ಸಲ ಆದಾಯವನ್ನೂ ತಪ್ಪಾಗಿ ತೋರಿಸಿದ್ದಾರೆ ಎಂಬ ಹೊಸ ಕಾರಣ ಸೇರಿಸಿದರು. ಮೊದಲ ಪತ್ರದಲ್ಲಿಲ್ಲದ ಕಾರಣವನ್ನು ಆಮೇಲೆ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2016ರಲ್ಲೂ 2019ರಲ್ಲೂ ಹೇಳಿದೆ, ಹಾಗಾಗಿ ಮೊದಲ ಪತ್ರವನ್ನು ಸಿಟ್ಟಿನಲ್ಲಿ ಹರಿದುಹಾಕಬೇಡಿ. ಮುಂದಿನದು ಎರಡು ದಾರಿ. ಗ್ರಾಹಕರ ಆಯೋಗಕ್ಕೆ ಹೋದರೆ ಮನೋವೇದನೆಗೂ ಪರಿಹಾರ ಕೇಳಬಹುದು. ಎರಡು ವರ್ಷದೊಳಗೆ ಹೋಗಬೇಕು. ಕಟ್ಟಿದ ಕಂತು ಐದು ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ಆದರೆ ಕಾಲ ಹಿಡಿಯುತ್ತದೆ. ವಿಮಾ ಒಂಬುಡ್ಸ್‌ಮನ್ ಬಳಿಗೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಪ್ರವೇಶವೂ ಇಲ್ಲ. ಆದರೆ ನೇರ ನಷ್ಟಕ್ಕಿಂತ ಹೆಚ್ಚು ಕೊಡಿಸುವ ಅಧಿಕಾರ ಅವರಿಗಿಲ್ಲ. ವಕೀಲರಿಗೆ ಕೊಡಲು ನಮ್ಮಲ್ಲಿ ಹಣವಿರಲಿಲ್ಲ. 2024ರ ಜನವರಿಯಲ್ಲಿ ಎರಡನೆಯ ದಾರಿ ಹಿಡಿದೆವು.

ವಿಚಾರಣೆಗೆ ಹತ್ತು ದಿನವಿರುವಾಗ ಕಂಪನಿಯಿಂದ ಅಮ್ಮನಿಗೆ ಫೋನು. ಮಾನವೀಯ ದೃಷ್ಟಿಯಿಂದ ಅರ್ಧ ಕೊಡುತ್ತೇವೆ, ‘ಸಂಪೂರ್ಣ ಹಾಗೂ ಅಂತಿಮ’ ಎಂದು ಒಂದು ಸಹಿ ಹಾಕಿ ಅಂತ. ಎರಡೂವರೆ ಲಕ್ಷ! ಊರಿಂದ ಸೋದರಮಾವ, “ತಕಂಡ್ ಬಿಡಿ ಅಕ್ಕಯ್ಯಾ, ಕೋರ್ಟು ಕಚೇರಿ ನಮ್ಗೆ ಹೇಳಿದ್ದಲ್ಲ” ಎಂದರು. ನಾನೂ, ನಿಜ ಹೇಳುತ್ತೇನೆ, ತೆಗೆದುಕೊಳ್ಳೋಣ ಎಂದೆ. ಅಮ್ಮ ಒಂದೇ ಮಾತು ಕೇಳಿದರು. “ಅರ್ಧ ಕೊಟ್ರೆ ಅಪ್ಪ ಅರ್ಧ ಮೋಸ ಮಾಡ್ದಂಗೆ ಆತಿಲ್ಯಾ?”

ಅಮ್ಮನ ಜತೆ ಸಾಂತಾಕ್ರೂಜ್‌ನ ಒಂಬುಡ್ಸ್‌ಮನ್ ಕಚೇರಿಗೆ ಹೋದೆ. ನಮ್ಮ ಕೈಯಲ್ಲಿದ್ದದ್ದು ಒಂದೇ ಆಧಾರ, ಅದೂ ಕೊನೆಗೆ ಸಿಕ್ಕಿದ್ದು. ಅರ್ಜಿದಾರನಿಗೆ ಫಾರಂನ ಭಾಷೆ ಬಾರದಿದ್ದರೆ, ಅಥವಾ ಅವನು ಬೇರೆ ಭಾಷೆಯಲ್ಲಿ ಸಹಿ ಹಾಕಿದ್ದರೆ, ‘ಇವರ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ’ ಎಂದು ಇನ್ನೊಬ್ಬರು ದೃಢೀಕರಿಸಬೇಕು. ಫಾರಂನ ಕೊನೆಯ ಪುಟದಲ್ಲಿ ಅದಕ್ಕಾಗಿಯೇ ಜಾಗವಿದೆ. ಅಪ್ಪನ ಕನ್ನಡ ಸಹಿಯ ಕೆಳಗೆ ನಾವು ಕಂಡು ಕೇಳರಿಯದ ಒಬ್ಬರ ಸಹಿ ಇತ್ತು. ವಿವರಿಸಿದ ಭಾಷೆ: ಮರಾಠಿ. ಅಪ್ಪನಿಗೆ ಬರುತ್ತಿದ್ದದ್ದು ಗಲ್ಲೆಯ ಮರಾಠಿ. ದೋನ್ ಚಹಾ, ಸುಟ್ಟೆ ದ್ಯಾ, ಇಷ್ಟು. ಮೂತ್ರಪಿಂಡ, ರಕ್ತದೊತ್ತಡಗಳ ಪಟ್ಟಿಯನ್ನು ಆ ಮರಾಠಿಯಲ್ಲಿ ತಿಳಿಯಲು ಸಾಧ್ಯವೇ? ಅಧಿಕಾರಿಗಳು ಕಂಪನಿಯವರನ್ನು ಕೇಳಿದರು, ಸಹಿ ಹಾಕಿದವರು ಯಾರು, ಕನ್ನಡಿಗನಿಗೆ ಮರಾಠಿಯಲ್ಲಿ ಯಾಕೆ ವಿವರಿಸಿದರು? ಅವರು ಫೈಲಿನ ಹಾಳೆ ತಿರುವುತ್ತಾ ಹೋದರು.

ಇಲ್ಲಿ ನಮ್ಮ ಸಂಘಕ್ಕೆ ಒಂದು ಮಾತು. ವಿಮೆಯ ಫಾರಂಗಳನ್ನು ಸಂವಿಧಾನದಲ್ಲಿ ಹೇಳಿದ ಭಾಷೆಗಳಲ್ಲಿ ಸಂದರ್ಭಕ್ಕೆ ತಕ್ಕಂತೆ ಕೊಡಬಹುದು ಎಂದು 2002ರ ನಿಯಮಗಳಲ್ಲೇ ಇತ್ತು. ಆ ‘ಬಹುದು’ ಎಂಬ ಮೂರಕ್ಷರದಲ್ಲಿ ನಮ್ಮ ಕನ್ನಡ ಸತ್ತು ಮಲಗಿದೆ. ನವೆಂಬರ್ ಬಂದರೆ ಭುವನೇಶ್ವರಿಗೆ ಹಾರ ಹಾಕುತ್ತೇವೆ, ಭಾಷಣ ಮಾಡುತ್ತೇವೆ, ತಪ್ಪಲ್ಲ. ತಿಂಗಳಿಗೆ ಒಂದು ಭಾನುವಾರ ನಾಲ್ಕು ಮಂದಿ ಒಂದು ಮೇಜು ಹಾಕಿ ಕೂತು, ಹೋಟೆಲು ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮವರು ತರುವ ಫಾರಂಗಳನ್ನು ಸಹಿಗೆ ಮೊದಲೇ ಓದಿ ಹೇಳಿದರೆ ಅದೂ ಕನ್ನಡದ ಕೆಲಸವಲ್ಲವೇ? ಎದ್ದು ನೋಡದೆ ಮೊಬೈಲು ಹಿಡಿದು ಕೂತವನು ಈ ಮಾತು ಹೇಳುವುದು ಕೆಲವರಿಗೆ ತಮಾಷೆಯಾಗಿ ಕಂಡೀತು. ಕಾಣಲಿ.

2024ರ ಜೂನ್‌ನಲ್ಲಿ ತೀರ್ಮಾನ ಬಂತು: ವಿಮೆಯ ಪೂರ್ತಿ ಹಣ, ಬಡ್ಡಿ ಸಮೇತ. ಒಂಬುಡ್ಸ್‌ಮನ್ ಆದೇಶವನ್ನು ಕಂಪನಿ 30 ದಿನದೊಳಗೆ ಪಾಲಿಸಬೇಕು, ಪಾಲಿಸಿತು. ಜುಲೈಯಲ್ಲಿ ಅಮ್ಮನ ಫೋನಿಗೆ ಬ್ಯಾಂಕಿನ ಸಂದೇಶ ಬಂದಾಗ ನಾನು ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮಾತ್ ತೆಗ್ದಿದ್ರಾ?” ಎಂದು ಕೇಳಿದರು.

ತೆಗೆದಿರಲಿಲ್ಲ. ಹಣದ ಜತೆ ಬಂದ ಕಾಗದದಲ್ಲಿ ಮೊತ್ತ, ಪಾಲಿಸಿಯ ನಂಬರು, ತಾರೀಖು ಇಷ್ಟೇ ಇತ್ತು. ಮೋಸ ಎಂಬ ಮಾತು ಅವರ ಫೈಲಿನಲ್ಲಿ ಇವತ್ತಿಗೂ ಇದೆ. ಅದನ್ನು ಹಿಂದಕ್ಕೆ ಪಡೆಯಿರೆಂದು ಆಗಸ್ಟಿನಲ್ಲಿ ರಿಜಿಸ್ಟರ್ಡ್ ಪತ್ರ ಹಾಕಿದೆ. ಮುಟ್ಟಿದ ಕಾರ್ಡು ಮೊಹರು ಬಿದ್ದು ವಾಪಸು ಬಂತು, ಉತ್ತರ ಬರಲಿಲ್ಲ. ಕಳೆದ ವಾರ ಸ್ಪೀಡ್ ಪೋಸ್ಟಿನಲ್ಲಿ ಇನ್ನೊಂದು ಹಾಕಿದ್ದೇನೆ. ಈ ಸಲ ಕನ್ನಡದಲ್ಲೇ ಬರೆದು, ಅಮ್ಮನ ಸಹಿ ಹಾಕಿಸಿ, ಹಿಂದುಗಡೆ ಇಂಗ್ಲಿಷ್ ಅನುವಾದ ಲಗತ್ತಿಸಿದೆ. ಅದರ ಕೆಳಗೆ, ‘ಈ ಅನುವಾದವನ್ನು ಸಹಿದಾರರಿಗೆ ಕನ್ನಡದಲ್ಲಿ ಓದಿ ವಿವರಿಸಿದ್ದೇನೆ’ ಎಂದು ಬರೆದು ನಾನು ಸಹಿ ಹಾಕಿದ್ದೇನೆ.